ಖಡ್ಗ ಕಲಿಯುವ ಹುಡುಗಿಯ ಕಾದಂಬರಿ: ಆರು ಅಧ್ಯಾಯ ಆಯಿತು, ಅವಳ ಕೈಗೆ ಇನ್ನೂ ಖಡ್ಗ ಬಂದಿಲ್ಲ

ಹೊಳೆಬದಿ:
ಎಲ್ಲರಿಗೂ ನಮಸ್ಕಾರ. ನಾನೊಂದು ಸಾಹಸದ ಕಾದಂಬರಿ ಬರೆಯುತ್ತಿದ್ದೇನೆ. ಲೋಕ ಕಲ್ಪನೆಯದ್ದು. ಆದರೆ ಕಾಸರಗೋಡಿನವರು ಓದಿದರೆ ಊರಿನ ಗುರುತು ಸಿಕ್ಕೇ ಸಿಗುತ್ತದೆ. ಕೆಂಪುಕಲ್ಲಿನ ಕೋಟೆ, ಕಂಗಿನ ತೋಟ, ಚಂದ್ರಗಿರಿಯಂಥದ್ದೇ ಒಂದು ಹೊಳೆ.

ನಾಯಕಿ ಕುಂಞಿ, 17 ವರ್ಷ. ಮನೆಯವರು ಸುರಂಗ ತೋಡುವವರು. ಗುಡ್ಡದ ಹೊಟ್ಟೆ ಕೊರೆದು ನೀರು ತರುವ ಅದೇ ಸುರಂಗ. ಬೇಸಿಗೆಯಲ್ಲಿ ಸಮುದ್ರದ ಉಪ್ಪು ಹೊಳೆಯಲ್ಲಿ ಮೇಲೇರುತ್ತದಲ್ಲ, ಅದರ ಜೊತೆ ಅಲ್ಲಿ 'ಉಪ್ಪುಕಾಲರು' ಎಂಬವರು ಬರುತ್ತಾರೆ. ಅವರು ಕಾಲಿಟ್ಟ ಕಡೆ ಬಾವಿ ಉಪ್ಪಾಗುತ್ತದೆ. ತುಕ್ಕು ಹಿಡಿಯದ ಕಬ್ಬಿಣಕ್ಕೆ ಮಾತ್ರ ಅವರು ಹೆದರುತ್ತಾರೆ. ವರ್ಷ ವರ್ಷವೂ ಉಪ್ಪು ಇನ್ನಷ್ಟು ಮೇಲೆ ಬರುತ್ತಿದೆ. ಕುಂಞಿ ಖಡ್ಗ ಕಲಿಯಲು ಹೊರಡುತ್ತಾಳೆ.

ಈಗ ತೊಂದರೆ ಏನೆಂದರೆ, ಆರು ಅಧ್ಯಾಯ ಮುಗಿದರೂ ಗುರು ಅವಳ ಕೈಗೆ ಖಡ್ಗ ಕೊಟ್ಟಿಲ್ಲ. ಬರೀ ಕಾಲು, ಸೊಂಟ, ಉಸಿರು, ಕೋಲು. ಓದಿದ ಗೆಳೆಯರೊಬ್ಬರು "ಇಷ್ಟು ಹೊತ್ತು ಯಾರು ಕಾಯುತ್ತಾರೆ, ಎರಡನೇ ಅಧ್ಯಾಯದಲ್ಲೇ ಕೊಟ್ಟುಬಿಡಿ" ಅಂದರು. ನನಗೆ ಮನಸ್ಸಿಲ್ಲ. ನೀವೇನು ಹೇಳುತ್ತೀರಿ?

ರಾತ್ರಿಬಸ್ಸು:
ಗೆಳೆಯರು ಹೇಳಿದ್ದು ಸರಿ. ಮುಖಪುಟದಲ್ಲಿ ಖಡ್ಗ ಇರುತ್ತೆ, ಒಳಗೆ ಆರು ಅಧ್ಯಾಯ ಬಸ್ಕಿ ಹೊಡೆಸಿದರೆ ನಾನಂತೂ ಪುಸ್ತಕ ಮುಚ್ಚುತ್ತೇನೆ. ಹೇಗೂ ಕಲ್ಪನೆಯ ಲೋಕ. ಒಂದು ಮಂತ್ರದ ಖಡ್ಗ ಸುರಂಗದಲ್ಲಿ ಸಿಗಲಿ. ಹಿಡಿದ ಕೂಡಲೇ ಅದೇ ಕಲಿಸಲಿ.

ಪೂತ್ತರ:
ರಾತ್ರಿಬಸ್ಸು, ದಯವಿಟ್ಟು ಬೇಡ! ಹಿಡಿದ ಕೂಡಲೇ ಕಲಿಸುವ ಖಡ್ಗ ಬಂದರೆ ಹುಡುಗಿಗೆ ಕಥೆಯಲ್ಲಿ ಏನು ಕೆಲಸ?

ನಾನು ಕಾಞಂಗಾಡಿನ ಹತ್ತಿರದ ಒಂದು ಕಳರಿಯಲ್ಲಿ, ಅಂದರೆ ಕೇರಳದ ಯುದ್ಧಕಲೆ ಕಲಿಸುವ ಗರಡಿಯಲ್ಲಿ, ಕಲಿತವಳು. ಹೊಳೆಬದಿಯವರು ಬರೆದ ಕ್ರಮ ಸರಿಯಾಗಿಯೇ ಇದೆ. ಮೊದಲು ಮೆಯ್‌ತಾರಿ, ಅಂದರೆ ಬರೀ ಮೈಯ ಅಭ್ಯಾಸ. ಆಮೇಲೆ ಕೋಲ್‌ತಾರಿ. ಉದ್ದ ಕೋಲು, ಗಿಡ್ಡ ಕೋಲು, ಆನೆ ಸೊಂಡಿಲಿನ ಹಾಗೆ ಬಾಗಿದ ಒಟ್ಟ. ಲೋಹದ ಆಯುಧ ಅಂಗತ್ತಾರಿಯಲ್ಲಿ ಬರುತ್ತದೆ. ಅಲ್ಲಿಯೂ ಮೊದಲು ಕಠಾರಿ, ಮತ್ತೆ ಖಡ್ಗ ಮತ್ತು ಗುರಾಣಿ. ಸೊಂಟಕ್ಕೆ ಸುತ್ತಿಕೊಳ್ಳುವ ಉರುಮಿ ಎಲ್ಲದಕ್ಕಿಂತ ಕೊನೆಗೆ. ಯಾಕೆ ಅಂದರೆ ಅದು ತಪ್ಪಿದರೆ ಎದುರಿನವರಿಗಿಂತ ಮೊದಲು ನಮ್ಮನ್ನೇ ಕೊಯ್ಯುತ್ತದೆ.

ಕಾಯಿಸುವುದು ಗುರುವಿನ ಹಟ ಅಲ್ಲ. ಖಡ್ಗ ಹಿಡಿದವರು ಸಾಯುವುದು ಕೈಯಿಂದಲ್ಲ, ಕಾಲಿನಿಂದ. ಕಾಲು ಎಲ್ಲಿದೆ ಅಂತ ನೋಡದೆ ಗೊತ್ತಾಗಬೇಕು. ಅದು ಬರುವ ತನಕ ಕೈಗೆ ಖಡ್ಗ ಕೊಟ್ಟರೆ ಕಣ್ಣು ಅದರ ಮೇಲೆಯೇ ಇರುತ್ತದೆ.

ನಾನು ಓದಬೇಕೆಂದಿರುವುದು ಆ ಆರು ಅಧ್ಯಾಯವನ್ನೇ. ನಮ್ಮಲ್ಲಿ ಯುದ್ಧ ಬರೆದವರು ಬೇಕಾದಷ್ಟು ಜನ. ಕಲಿಕೆ ಬರೆದವರು ಕಡಿಮೆ.

ರಾತ್ರಿಬಸ್ಸು:
ಸರಿ ಅಕ್ಕ, ಮಂತ್ರದ ಖಡ್ಗ ವಾಪಸ್ ತಗೊಂಡೆ. ಆದರೆ ಬೋರು ಹೊಡೆಸಬೇಡಿ ಅನ್ನುವ ಮಾತು ಹಾಗೇ ಇದೆ.

ಗೆರಟೆಕರಿ:
ನಮ್ಮದು ಆಚಾರಿ ಮನೆ. ಅಜ್ಜನ ಕಾಲದಿಂದ ಕುಲುಮೆ ಇದೆ. ಈಗ ಮಾಡುವುದು ಜಾಸ್ತಿ ಕತ್ತಿ, ಪಿಕ್ಕಾಸು, ಹಾರೆ. ಆದರೂ ಖಡ್ಗದ ವಿಷಯ ಬಂತು ಅಂತ ಬರೆಯುತ್ತೇನೆ.

ಒಂದು, ದಯವಿಟ್ಟು ಹತ್ತು ಕಿಲೋ ಖಡ್ಗ ಬರೆಯಬೇಡಿ. ಒಂದೇ ಕೈಯಲ್ಲಿ ಬೀಸುವ ಹಳೆಯ ಖಡ್ಗಗಳ ತೂಕ ಹೆಚ್ಚಿನವು 1ರಿಂದ 1.5 ಕಿಲೋ ಅಷ್ಟೇ. ತೂಕಕ್ಕಿಂತ ಅದು ಎಲ್ಲಿ ಕೂತಿದೆ ಎಂಬುದು ಮುಖ್ಯ. ಹಿಡಿಯ ಹತ್ತಿರ ಕೂತರೆ ಹಗುರ, ತುದಿಗೆ ಹೋದರೆ ಅದೇ ಖಡ್ಗ ಭಾರ. ಹುಡುಗಿ ಅಂತ ಅವಳಿಗೆ ಸಣ್ಣ ಖಡ್ಗ ಕೊಡಬೇಕಾದ್ದೇ ಇಲ್ಲ. ಪಿಕ್ಕಾಸು ಎತ್ತಿದವಳಿಗೆ ಒಂದೂವರೆ ಕಿಲೋ ಏನು?

ಎರಡು, ಬೆನ್ನ ಮೇಲಿಂದ ಉದ್ದ ಖಡ್ಗ ಸರ್ರನೆ ಎಳೆಯುವುದು ಸಿನಿಮಾದಲ್ಲಿ ಮಾತ್ರ. ಕೈ ಅಷ್ಟುದ್ದ ಇಲ್ಲ. ಒರೆ ಸೊಂಟದಲ್ಲಿರಲಿ.

ಮೂರು, ತುಕ್ಕು. ಉಪ್ಪುಕಾಲರ ಕಲ್ಪನೆ ನನಗೆ ಭಾರೀ ಹಿಡಿಸಿತು. ನಮ್ಮ ಕಡಲ ಗಾಳಿಗೆ ಒಂದು ಮಳೆಗಾಲ ಎಣ್ಣೆ ಕಾಣದ ಕಬ್ಬಿಣದ ಗತಿ ಎಲ್ಲರೂ ನೋಡಿದ್ದೇವೆ. ಯುದ್ಧ ಮುಗಿದ ರಾತ್ರಿ ಅವಳು ಮೊದಲು ಗಾಯ ನೋಡಿಕೊಳ್ಳಬಾರದು, ಖಡ್ಗ ಒರೆಸಬೇಕು. ಉಪ್ಪು, ರಕ್ತ, ಬೆವರು ಮೂರೂ ಕಬ್ಬಿಣ ತಿನ್ನುತ್ತವೆ. ನೀರಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಬೆಂಕಿಯ ಹತ್ತಿರ ಹಿಡಿದು ಒಣಗಿಸಿ, ಎಣ್ಣೆ ಸವರಬೇಕು. ಒದ್ದೆ ಖಡ್ಗ ಒರೆಗೆ ಹಾಕಿದರೆ ಒಳಗೇ ಕೊಳೆಯುತ್ತದೆ.

ಹೊಳೆಬದಿ:
ಗೆರಟೆಕರಿ ಅಣ್ಣ, ಖಡ್ಗ ಮಾಡುವ ಅಧ್ಯಾಯ ಒಂದಿದೆ. ಸ್ವಲ್ಪ ಹೇಳಿ ಮಾರಾಯ್ರೇ.

ಗೆರಟೆಕರಿ:
ಹೇಳುವುದು ಸುಲಭ, ಮಾಡುವುದು ಕಷ್ಟ. ಬರೀ ಮೆದು ಕಬ್ಬಿಣ ಬಾಗುತ್ತದೆ. ಇಂಗಾಲ ಜಾಸ್ತಿ ಇದ್ದರೆ ಗಟ್ಟಿ, ಆದರೆ ಸಿಡಿಯುತ್ತದೆ. ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿದಾಗ ಅದು ಗಟ್ಟಿಯಾಗುತ್ತದೆ, ಗಾಜಿನ ಹಾಗೆ. ಆಗಲೇ ಬಿಟ್ಟರೆ ಮೊದಲ ಪೆಟ್ಟಿಗೆ ಎರಡು ತುಂಡು. ಅದಕ್ಕೆ ಮತ್ತೊಮ್ಮೆ ನಿಧಾನ ಬಿಸಿ ಮಾಡಬೇಕು. ಉಜ್ಜಿ ಹೊಳೆಯುವ ಭಾಗದಲ್ಲಿ ಬಣ್ಣ ಓಡುತ್ತದೆ. ಮೊದಲು ಒಣ ಹುಲ್ಲಿನ ಹಳದಿ, ಮತ್ತೆ ಕಂದು, ನೇರಳೆ, ನೀಲಿ. ಬಾಯಿಗೆ ಹಳದಿ ಸಾಕು, ಬಾಗಿ ಬರಬೇಕಾದ ಕಡೆ ನೀಲಿ ಬೇಕು. ಈ ಬಣ್ಣ ನೋಡಲು ಬೆಳಕು ಬೇಕು. ಅದ್ದುವ ಮೊದಲಿನ ಕೆಂಪು ಅಂದಾಜು ಮಾಡಲು ಮಾತ್ರ ಕುಲುಮೆ ಕತ್ತಲಾಗಿರಬೇಕು. ನಿಮ್ಮ ಕುಂಞಿಗೆ ಸುರಂಗದ ಕತ್ತಲು ಅಭ್ಯಾಸ ಇದೆ, ಆ ಕೆಂಪನ್ನು ಅವಳೇ ನೋಡಿ ಹೇಳಲಿ.

ಬೆಂಕಿಗೆ ಗೆರಟೆಯ ಇದ್ದಿಲು ಬರೆಯಿರಿ. ತೆಂಗಿನ ಊರಲ್ಲಿ ಬೇರೇನು? ಇನ್ನೊಂದು ಮಾತು. ಪಶ್ಚಿಮ ಏಷ್ಯಾದ ಹೆಸರಾಂತ ಡಮಾಸ್ಕಸ್ ಖಡ್ಗಗಳಿಗೆ ಉಕ್ಕಿನ ಗಟ್ಟಿಗಳು ಹೋಗುತ್ತಿದ್ದದ್ದು ದಕ್ಷಿಣ ಭಾರತದಿಂದ. ಮಣ್ಣಿನ ಮೂಸೆಯಲ್ಲಿ ಕರಗಿಸಿ ಮಾಡಿದ ಉಕ್ಕು. ಆದ್ದರಿಂದ ನಿಮ್ಮ ಕಥೆಯಲ್ಲಿ ಒಳ್ಳೆಯ ಖಡ್ಗ ಎಲ್ಲಿಂದಲೋ ಹಡಗಿನಲ್ಲಿ ಬಂತು ಅಂತ ಮಾತ್ರ ಬರೆಯಬೇಡಿ. ನಮ್ಮ ಹೊಟ್ಟೆ ಉರಿಯುತ್ತದೆ.

ಬಾಯಾರು ಕಡೆಯವ:
ಸುರಂಗ ಅಂದ ಕೂಡಲೇ ಬಂದೆ. ನಮ್ಮ ತೋಟಕ್ಕೆ ನೀರು ಇವತ್ತಿಗೂ ಸುರಂಗದ್ದೇ. ಅಲ್ಲಿ ಒಬ್ಬ ಆಳು ಹೋಗುವಷ್ಟೇ ಅಗಲ. ಪಿಕ್ಕಾಸು ಬೀಸಲು ಜಾಗ ಇಲ್ಲ. ಮೊಣಕೈ ಮೈಗೆ ತಾಗಿಸಿ ಗಿಡ್ಡ ಗಿಡ್ಡ ಪೆಟ್ಟು. ಕೂತೇ ಎಷ್ಟೋ ಹೊತ್ತು ಕೆಲಸ. ದೀಪ ಸಣ್ಣ ಆಯಿತು ಅಂದರೆ ಗಾಳಿ ಕಡಿಮೆ, ಹೊರಗೆ ಬರಬೇಕು.

ನಿಮ್ಮ ಹುಡುಗಿ ಅಗಲಕ್ಕೆ ಖಡ್ಗ ಬೀಸುವುದು ನನಗೆ ನಂಬಲಿಕ್ಕೆ ಕಷ್ಟ. ಅವಳ ಮೈಗೆ ಗೊತ್ತಿರುವುದು ಇಕ್ಕಟ್ಟು. ಅವಳು ಹತ್ತಿರ ನುಗ್ಗಿ ಚುಚ್ಚುವವಳು.

ಪೂತ್ತರ:
ವಾಹ್! ಇದು ಬಹಳ ಮುಖ್ಯ. ಕಳರಿಯ ನಿಲುವುಗಳು ಹೆಚ್ಚಿನವು ತಗ್ಗಿನವು. ಕಾಡುಹಂದಿ, ಸಿಂಹ, ಹಾವು ಅಂತ ಪ್ರಾಣಿಗಳ ಹೆಸರೇ ಇದೆ. ಕೂತು ಕೆಲಸ ಮಾಡಿದ ಅವಳಿಗೆ ಕಾಡುಹಂದಿಯ ನಿಲುವು ಬೇಗ ಬರಬಹುದು. ಆದರೆ ಕುದುರೆಯ ಹಾರಾಟ ಬರುವುದಿಲ್ಲ. ತಲೆ ತಾಗುತ್ತದೆ ಎಂಬ ಹೆದರಿಕೆ ಇರುತ್ತದೆ, ಮೇಲೆ ಬರೀ ಆಕಾಶ ಇದ್ದರೂ. ಅದನ್ನು ಬರೆಯಿರಿ.

ಕಳರಿಯೂ ಒಂದು ಗುಂಡಿಯೇ ಅಲ್ವಾ? ಸಾಮಾನ್ಯವಾಗಿ 42 ಅಡಿ ಉದ್ದ, 21 ಅಡಿ ಅಗಲ. ನೆಲದಿಂದ ಕೆಳಗೆ ಅಗೆದದ್ದು. ಬಾಗಿಲು ಪೂರ್ವಕ್ಕೆ. ನೈಋತ್ಯ ಮೂಲೆಯಲ್ಲಿ ಏಳು ಮೆಟ್ಟಿಲಿನ ಪೂತ್ತರ, ಅಂದರೆ ದೇವಿಯ ಪೀಠ (ನನ್ನ ಹೆಸರು ಅಲ್ಲಿಂದ ಕದ್ದದ್ದು). ಬಲಗಾಲು ಮೊದಲಿಟ್ಟು ಇಳಿದು, ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತೇವೆ. ಬೇರೆ ಮಕ್ಕಳು ಆ ಗುಂಡಿಗೆ ಇಳಿಯುವಾಗ ಅಂಜಿದರೆ ಇವಳಿಗೆ ಮನೆಗೆ ಬಂದ ಹಾಗೆ ಅನ್ನಿಸಬಹುದು.

ಚೆಂಡೆಪೆಟ್ಟು:
ಯಕ್ಷಗಾನದವನ ಕಡೆಯಿಂದ ಎರಡು ಮಾತು. ಕುಂಬಳೆಯ ಪಾರ್ತಿಸುಬ್ಬನ ಊರಿನವರು ಹೋರಾಟ ಬರೆಯುವಾಗ ಮಾತು ಮರೆಯಬಾರದು. ನಮ್ಮ ತೆಂಕುತಿಟ್ಟಿನಲ್ಲಿ ಯುದ್ಧದ ಕುಣಿತಕ್ಕೆ ಮೊದಲು ಮಾತಿನ ಯುದ್ಧ ಇರುತ್ತದೆ. ಯಾರು ಯಾಕೆ ಹೊಡೆದಾಡುತ್ತಿದ್ದಾರೆ ಎಂದು ಪ್ರೇಕ್ಷಕನಿಗೆ ಆಗಲೇ ಗೊತ್ತಾಗುತ್ತದೆ. ಆಮೇಲೆ ಚೆಂಡೆ.

ಮತ್ತೆ, ಖಡ್ಗ ಹಿಡಿದ ಹೆಣ್ಣು ನಮಗೆ ಹೊಸಬಳಲ್ಲ. ಅರ್ಜುನನ ಕುದುರೆ ಕಟ್ಟಿದ ಪ್ರಮೀಳೆ ಲಕ್ಷ್ಮೀಶನ ಕಾವ್ಯದಲ್ಲೂ ಇದ್ದಾಳೆ, ರಂಗಸ್ಥಳದಲ್ಲೂ ಇದ್ದಾಳೆ. ಇಲ್ಲೇ ಆಚೆ ಉಳ್ಳಾಲದಲ್ಲಿ 16ನೇ ಶತಮಾನದಲ್ಲಿ ಪೋರ್ಚುಗೀಸರಿಗೆ ಎದುರು ನಿಂತ ಅಬ್ಬಕ್ಕ. ಆದರೆ ಇವರೆಲ್ಲ ಕಥೆಗೆ ಬರುವಾಗಲೇ ರಾಣಿಯರು. ಅವರು ಎಲ್ಲಿ ಕಲಿತರು, ಯಾರ ಹತ್ತಿರ ಬೈಸಿಕೊಂಡರು, ಅದು ಯಾವ ಪ್ರಸಂಗದಲ್ಲೂ ನಾನು ಆಡಿದ್ದಿಲ್ಲ. ಹಾಗಾಗಿ ಪೂತ್ತರ ಅವರ ಮಾತಿಗೆ ನನ್ನ ಓಟು.

ರಾತ್ರಿಬಸ್ಸು:
ಖಡ್ಗ ಹಿಡಿದು ಭಾಷಣ ಮಾಡ್ತಾ ನಿಂತರೆ ಉಪ್ಪುಕಾಲರು ಸುಮ್ನೆ ಕೇಳ್ತಾರಾ?

ಚೆಂಡೆಪೆಟ್ಟು:
ನೀವು ತಾಳಮದ್ದಳೆಗೆ ಬನ್ನಿ, ಕೇಳುವ ಹಾಗೆ ಮಾಡುತ್ತೇವೆ.

ಪೂತ್ತರ:
ಕಲಿತ ಹೆಣ್ಣುಮಕ್ಕಳು ದಕ್ಷಿಣದ ಕಡೆ ಇದ್ದಾರೆ. ವಡಕ್ಕನ್ ಪಾಟ್ಟಿನ, ಅಂದರೆ ಉತ್ತರ ಮಲಬಾರಿನ ವೀರರ ಹಾಡುಗಳ, ಉಣ್ಣಿಯಾರ್ಚ ಇಲ್ಲವೇ? ನಾದಾಪುರದ ದಾರಿಯಲ್ಲಿ ಅಡ್ಡಗಟ್ಟಿದವರನ್ನು ಒಬ್ಬಳೇ ಎದುರಿಸಿದವಳು. ಜೊತೆಗಿದ್ದ ಗಂಡ ನಡುಗುತ್ತಿದ್ದ. ಈ ಕಾಲಕ್ಕೆ ಬಂದರೆ ವಡಗರದ ಮೀನಾಕ್ಷಿಯಮ್ಮ. ಏಳನೇ ವಯಸ್ಸಿಗೆ ಕಳರಿಗಿಳಿದವರು. 2017ರಲ್ಲಿ ಪದ್ಮಶ್ರೀ ಬಂದಾಗ 70 ದಾಟಿತ್ತು. ಸೀರೆ ಉಟ್ಟುಕೊಂಡೇ ಖಡ್ಗ, ಗುರಾಣಿ ಹಿಡಿದು ಗಂಡಸರ ಎದುರು ನಿಲ್ಲುತ್ತಾರೆ. ವಯಸ್ಸಾದ ಗುರು ಅಂದರೆ ಬಿಳಿ ಗಡ್ಡವೇ ಬೇಕೆಂದೇನಿಲ್ಲ.

ಅಂದ ಹಾಗೆ ಹೊಳೆಬದಿ, ನಿಮ್ಮ ಗುರು ಯಾರು?

ಹೊಳೆಬದಿ:
ಹೊಳೆಯ ಆಚೆ ದಡದಿಂದ ಬಂದ ಒಬ್ಬ ಮುದುಕ. ಬಿಳಿ ಗಡ್ಡ ಇದೆ. 😄

ಹಳೇ ಮಾಸ್ಟ್ರು:
ಇಷ್ಟು ಹೊತ್ತು ಓದುತ್ತಾ ಇದ್ದೆ. ಗುರುವಿನ ವಿಷಯಕ್ಕೆ ಒಂದು ಸಂಗತಿ ಹೇಳಬೇಕು ಅನ್ನಿಸಿತು.

ಚಂದ್ರಗಿರಿ ಹೊಳೆಯನ್ನು ತುಳುನಾಡಿನ ತೆಂಕಣ ಗಡಿ ಎಂದು ಹಿಂದಿನಿಂದ ಹೇಳುತ್ತಾರೆ. ಇಕ್ಕೇರಿಯ ಶಿವಪ್ಪ ನಾಯಕ ಹೊಳೆಯ ದಡದಲ್ಲಿ ಚಂದ್ರಗಿರಿ ಕೋಟೆಯನ್ನೂ ಇನ್ನೂ ತೆಂಕಕ್ಕೆ ಬೇಕಲ ಕೋಟೆಯನ್ನೂ ಕಟ್ಟಿಸಿದ್ದು 17ನೇ ಶತಮಾನದಲ್ಲಿ. ಆ ಹೊಳೆಗೆ ಒಂದು ಕಟ್ಟುಪಾಡು ಇತ್ತು. ಮಲಯಾಳದ ಕಡೆಯ ನಾಯರ್ ಹೆಂಗಸರು ಹೊಳೆ ದಾಟಿ ಉತ್ತರಕ್ಕೆ ಬರಬಾರದು. ಬ್ರಿಟಿಷರ ಕಾಲದ ಗೆಜೆಟಿಯರಿನಲ್ಲೂ ಇದು ದಾಖಲಾಗಿದೆ. ಗಂಡಸರು ದಾಟಬಹುದು, ಹೆಂಗಸರು ದಾಟಬಾರದು.

ಈಗ ಯೋಚನೆ ಮಾಡಿ. ನಿಮ್ಮ ಬಿಳಿ ಗಡ್ಡದ ಮುದುಕ ಹೊಳೆ ದಾಟಿ ಬಂದರೆ ಅದೇನು ದೊಡ್ಡದು? ದೋಣಿಗೆ ಕಾಸು ಕೊಟ್ಟರೆ ಮುಗಿಯಿತು. ದಾಟಿ ಬಂದವಳು ಒಬ್ಬ ಹೆಂಗಸಾದರೆ?

ಪೂತ್ತರ:
ಮಾಸ್ಟ್ರೇ!! ಮೈ ಜುಮ್ಮೆಂದಿತು.

ಬಾಯಾರು ಕಡೆಯವ:
ಇದು ಕಥೆ. ಅವಳಿಗೆ ಹಿಂದೆ ಹೋಗಲಿಕ್ಕೂ ದಾರಿ ಇಲ್ಲ.

ಗೆರಟೆಕರಿ:
ಈಚೆ ದಡದಲ್ಲಿ ಅವಳನ್ನು ಸೇರಿಸಿಕೊಳ್ಳುವವರೂ ಇರಲಿಕ್ಕಿಲ್ಲ. ಸುರಂಗ ತೋಡುವವರ ಮನೆಯವರು ಮಾತ್ರ ಹಿಂದೆ ಮುಂದೆ ಕೇಳದೆ ಗಂಜಿ ಕೊಟ್ಟಿರಬಹುದು. ಆಗ ಕುಂಞಿಗೇ ಯಾಕೆ ಕಲಿಸುತ್ತಾಳೆ ಅನ್ನುವುದಕ್ಕೂ ಉತ್ತರ ಸಿಕ್ಕಿತು.

ಹೊಳೆಬದಿ:
ಮಾಸ್ಟ್ರೇ, ಇವತ್ತು ರಾತ್ರಿ ನನಗೆ ನಿದ್ರೆ ಇಲ್ಲ. ಗಡ್ಡ ಬೋಳಿಸಿ ಆಯಿತು. ಗುರು ಇನ್ನು ಹೆಂಗಸೇ. ಕಲ್ಪನೆಯ ಲೋಕ ಆದ್ದರಿಂದ ಜಾತಿಯ ಹೆಸರು ತರುವುದಿಲ್ಲ. ಹೊಳೆ ದಾಟಿದ ಹೆಣ್ಣಿನ ಹೆಸರನ್ನು ಆಚೆ ದಡದಲ್ಲಿ ಯಾರೂ ಉಚ್ಚರಿಸಬಾರದು ಎಂಬ ಕಟ್ಟಳೆ ಇಡುತ್ತೇನೆ. ಅದಕ್ಕೇ ಅವಳಿಗೆ ಪುಸ್ತಕದಲ್ಲಿ ಹೆಸರಿಲ್ಲ.

ತೋಟದಮನೆ:
ಹೊಸಬಳು, ತಪ್ಪು ತಿಳಿಯಬೇಡಿ. ಮಂತ್ರ ಮಾಯೆಗೆ ದೈವಗಳನ್ನು ತರುತ್ತೀರಾ? ಈಗ ಎಲ್ಲರೂ ಕೋಲ, ತೆಯ್ಯಂ ಅಂತ ಹಿಂದೆ ಬಿದ್ದಿದ್ದಾರೆ. ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಕೋಲ ಆಗುತ್ತದೆ. ಅದನ್ನು ಯಾರೋ ಹೊಡೆದಾಟದ ಶಕ್ತಿಯ ಹಾಗೆ ಬರೆದರೆ ನನಗೆ ಓದಲು ಆಗುವುದಿಲ್ಲ.

ಹೊಳೆಬದಿ:
ಇಲ್ಲ ಅಕ್ಕ. ನಾವು ಕೈಮುಗಿಯುವ ಯಾವ ದೈವವೂ ಪುಸ್ತಕದಲ್ಲಿ ಇಲ್ಲ. ಮಾಯೆ ಬರೀ ಉಪ್ಪಿನದ್ದು. ನಮ್ಮ ಹೊಳೆಗೆ ಬಾವಿಕ್ಕೆರೆಯಲ್ಲಿ ಹಿಂದೆ ಪ್ರತಿ ಬೇಸಿಗೆ ಮರಳಿನ ಚೀಲದ ಕಟ್ಟ ಕಟ್ಟುತ್ತಿದ್ದದ್ದು, ಆದರೂ ನಲ್ಲಿಯಲ್ಲಿ ಉಪ್ಪು ನೀರು ಬರುತ್ತಿದ್ದದ್ದು ನೆನಪಿದೆಯಲ್ಲ? ಆ ಚಹಾದ ರುಚಿಯಿಂದ ಹುಟ್ಟಿದ ಕಥೆ ಇದು.

ಚೆಂಡೆಪೆಟ್ಟು:
ಆ ಚಹಾ! ಸಕ್ಕರೆ ಹಾಕಿದಷ್ಟೂ ಇನ್ನೂ ಕೆಟ್ಟದಾಗುತ್ತಿತ್ತು. ಉಪ್ಪುಕಾಲರನ್ನು ನಾನು ನಂಬಿದೆ.

ಪೂತ್ತರ:
ಹೊಳೆಬದಿ, ಗುರು ಆಚೆ ದಡದವಳಾದರೆ ಇನ್ನೊಂದು ವಿಷಯ ಬರುತ್ತದೆ. ಕಳರಿಯಲ್ಲಿ ಗುರು ಬಾಯಲ್ಲಿ ಹೇಳುತ್ತಾ ಹೋಗುತ್ತಾರೆ, ನಾವು ಮಾಡುತ್ತಾ ಹೋಗುತ್ತೇವೆ. ಅದಕ್ಕೆ ವಾಯ್ತಾರಿ ಅನ್ನುತ್ತೇವೆ. ಎಲ್ಲ ಮಲಯಾಳದಲ್ಲಿ. ನಮ್ಮ ಜೊತೆ ಕುಂಬಳೆ ಕಡೆಯ ಕನ್ನಡ ಹುಡುಗಿಯೊಬ್ಬಳಿದ್ದಳು. ಮೊದಮೊದಲು ಅವಳಿಗೆ ಒಂದು ಮಾತೂ ಅರ್ಥವಾಗುತ್ತಿರಲಿಲ್ಲ. ಪಕ್ಕದವರನ್ನು ನೋಡಿ ಮಾಡುತ್ತಿದ್ದಳು, ಹಾಗಾಗಿ ಯಾವಾಗಲೂ ಅರ್ಧ ಕ್ಷಣ ಹಿಂದೆ. ಸ್ವಲ್ಪ ಸಮಯದ ಮೇಲೆ ನಮಗಿಂತ ಚುರುಕಾದಳು. ನಾವು ಮಾತಿನ ಅರ್ಥ ಕೇಳಿಸಿಕೊಂಡು ಆಮೇಲೆ ಕಾಲೆತ್ತುತ್ತಿದ್ದೆವು. ಅವಳಿಗೆ ಆ ಸದ್ದು ನೇರ ಕಾಲಿಗೇ ಹೋಗುತ್ತಿತ್ತು.

ಹಳೇ ಮಾಸ್ಟ್ರು:
ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು, ಪೇಟೆಯಲ್ಲಿ ಮತ್ತೊಂದು. 1956ರಲ್ಲಿ ಗಡಿ ಗೆರೆ ಎಳೆದು ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ ಮೇಲಂತೂ ನಮ್ಮ ಮಕ್ಕಳಿಗೆಲ್ಲ ಇದೇ ಅಭ್ಯಾಸ. ಬೆಂಗಳೂರಿನ ಓದುಗರಿಗೆ ಇದು ವಿಚಿತ್ರ ಅನ್ನಿಸಬಹುದು. ಬರೆಯಿರಿ, ಹಿಂಜರಿಯಬೇಡಿ.

ರಾತ್ರಿಬಸ್ಸು:
ಒಂದು ತುಣುಕು ಹಾಕಿ ನೋಡೋಣ. ಎಷ್ಟೊತ್ತು ಬರೀ ಮಾತು.

ಹೊಳೆಬದಿ:
ನಿನ್ನೆ ರಾತ್ರಿ ಹೊಸದಾಗಿ ಬರೆದದ್ದು. ನಾಲ್ಕನೇ ಅಧ್ಯಾಯ. ತಿದ್ದಿಲ್ಲ.

"ಗುರು ಹೇಳಿದ್ದು ಅವಳಿಗೆ ತಿಳಿಯಲಿಲ್ಲ. ತಿಳಿಯದ ಮಾತಿಗೆ ಬಲಗಾಲು ಮುಂದೆ ಹೋಗಿತ್ತು. ಮೊಣಕಾಲು ಮಡಚಿ ಸೊಂಟ ಮಣ್ಣಿನ ಹತ್ತಿರಕ್ಕೆ ಬಂದಿತ್ತು. 'ಯಾರು ಹೇಳಿದರು ನಿನಗೆ?' ಎಂದು ಗುರು ಅವಳದೇ ಭಾಷೆಯಲ್ಲಿ ಕೇಳಿದಳು. ಇಷ್ಟು ದಿನ ಆ ಭಾಷೆ ಬರುವುದಿಲ್ಲ ಎಂಬಂತೆ ಇದ್ದವಳು. ಕುಂಞಿ ಬೆವರು ಒರೆಸಿಕೊಂಡು, 'ನೀವೇ ಅಲ್ವಾ' ಅಂದಳು. 'ನಾನು ಈಗ ಹೇಳಿದ್ದು ಎಡಗಾಲು' ಅಂದಳು ಗುರು. 'ಆದರೆ ನಾನು ನೋಡಿದ್ದು ನಿನ್ನ ಬಲಕ್ಕೆ. ನನ್ನ ಬಾಯಿ ಬಿಟ್ಟು ಕಣ್ಣು ಓದಿದೆ ನೀನು. ಅದು ಒಳ್ಳೆಯದೂ ಹೌದು, ಕೆಟ್ಟದ್ದೂ ಹೌದು. ನಾಳೆಯಿಂದ ನನಗೆ ಬೆನ್ನು ಹಾಕಿ ನಿಲ್ಲು.'"

ಚೆಂಡೆಪೆಟ್ಟು:
ಚೆನ್ನಾಗಿದೆ. ಗುರುವಿಗೆ ಭಾಷೆ ಗೊತ್ತಿದ್ದೂ ಮುಚ್ಚಿಟ್ಟದ್ದು ಭಾರೀ ಚಂದ.

ಪೂತ್ತರ:
ಬೆನ್ನು ಹಾಕಿ ನಿಲ್ಲಿಸುವುದು ನಾನು ಕಂಡಿಲ್ಲ, ಆದರೆ ಈ ಗುರು ಮಾಡಿಯಾಳು. ಒಂದೇ ತಕರಾರು. ನೋವು ಎಲ್ಲಿ? ಶುರುವಿನಲ್ಲಿ ತೊಡೆ ಎಷ್ಟು ನೋಯುತ್ತದೆ ಅಂದರೆ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕು. ಮಳೆಗಾಲದಲ್ಲಿ ಉಳಿಚ್ಚಿಲ್ ಇರುತ್ತದೆ. ಮೇಲೆ ಕಟ್ಟಿದ ಹಗ್ಗ ಹಿಡಿದು ಗುರು ಕಾಲಿನಿಂದ ಎಣ್ಣೆ ತಿಕ್ಕುತ್ತಾರೆ. ಅದರ ಒಂದು ಪುಟ ಇರಲಿ. ಗುರು ಹೊಡೆಯಲು ಕಲಿಸುವವರು ಮಾತ್ರವಲ್ಲ, ಉಳುಕಿದ್ದು ಮುರಿದದ್ದು ಸರಿಮಾಡುವವರೂ ಹೌದು.

ತೋಟದಮನೆ:
ನಮ್ಮ ತುಳುನಾಡಿನ ಅವಳಿ ವೀರರು ಕೋಟಿ ಚೆನ್ನಯರ ತಾಯಿ ದೇಯಿಯೂ ಮದ್ದು ತಿಳಿದವಳೇ ಅಲ್ವಾ. ಬಲ್ಲಾಳರ ಕಾಲಿನ ಗಾಯ ಗುಣ ಮಾಡಿದವಳು. ಸುರಿಯ (ಕಿರುಗತ್ತಿ) ಹಿಡಿದ ಮಕ್ಕಳಿಗೆ ಗರಡಿ ಕಟ್ಟಿದ್ದೇವೆ. ನನಗೆ ಯಾವಾಗಲೂ ಮದ್ದು ಅರೆದ ಕೈಯೇ ದೊಡ್ಡದು ಅನ್ನಿಸಿದೆ.

ರಾತ್ರಿಬಸ್ಸು:
ತುಣುಕು ಓದಿದೆ. ಸರಿ, ಆರು ಅಧ್ಯಾಯ ಕಾಯುತ್ತೇನೆ. ಏಳನೆಯದರಲ್ಲಿ ಖಡ್ಗ ಬರಲೇಬೇಕು.

ಹೊಳೆಬದಿ:
ಏಳರಲ್ಲಿ ಕಠಾರಿ. ಖಡ್ಗ ಒಂಬತ್ತರಲ್ಲಿ. ಬಾಯಾರಿನವರು ಹೇಳಿದ ಮೇಲೆ ಮೊದಲ ಹೊಡೆದಾಟ ಸುರಂಗದ ಒಳಗೇ ಆಗಬೇಕು ಅಂತ ನಿಶ್ಚಯ ಮಾಡಿದ್ದೇನೆ. ಅಲ್ಲಿ ಉದ್ದ ಖಡ್ಗಕ್ಕೆ ಜಾಗವೇ ಇಲ್ಲ. ಉಪ್ಪುಕಾಲರಿಗೂ ಅಗಲಕ್ಕೆ ಹರಡಲು ಜಾಗ ಇಲ್ಲ. ದೀಪ ಸಣ್ಣ ಆಗುತ್ತಾ ಬರುತ್ತದೆ.

ಬಾಯಾರು ಕಡೆಯವ:
ಸುರಂಗದಲ್ಲಿ ಕಾಲಡಿ ನೀರು ಹರಿಯುತ್ತಾ ಇರುತ್ತದೆ, ಮರೆಯಬೇಡಿ. ಉಪ್ಪುಕಾಲರು ಒಳಗೆ ಬಂದರೆ ಆ ನೀರೂ ಉಪ್ಪಾಗುತ್ತದೆ. ಗೆದ್ದರೂ ಆ ಸುರಂಗ ಹೋಯಿತು ಅಂತಲೇ ಲೆಕ್ಕ. ಅವರ ಮನೆಯವರು ಒಪ್ಪುತ್ತಾರಾ?

ಹೊಳೆಬದಿ:
ಅಯ್ಯೋ. ಅದನ್ನು ಅಪ್ಪನೇ ಹೇಳಬೇಕು. "ನನ್ನ ಸುರಂಗದಲ್ಲಿ ಬೇಡ" ಅಂತ. ಚೆಂಡೆಪೆಟ್ಟು ಅವರಿಗೆ ಬೇಕಾದ ಮಾತಿನ ಯುದ್ಧ ಅಪ್ಪ ಮಗಳ ನಡುವೆ ಆಗಲಿ.

ಗೆರಟೆಕರಿ:
ಆ ಜಗಳ ಬರೆದು ಹಾಕಿ. ಕಠಾರಿ ಮಾಡುವ ಪುಟಗಳನ್ನು ನನಗೆ ಮೊದಲೇ ಕಳಿಸಿ. ತಿದಿ ಊದುವವರು ಯಾರು ಅಂತ ನೀವು ಇನ್ನೂ ಹೇಳಿಲ್ಲ.

ಬಾಯಾರು ಕಡೆಯವ:
ಸುರಂಗದ ಪುಟ ನಾನು ನೋಡುತ್ತೇನೆ. ಆದರೆ ಅಡಿಕೆ ಕೊಯ್ಲು ಮುಗಿಯಲಿ, ಈಗ ಆಳು ಸಿಗುತ್ತಿಲ್ಲ.